ಸಾಣೆಚಕ್ರ ಬಡಿದು ನೋಡುವವಳು

ಅವಳಿಗೆ ಕೋಪ ಮೂಗಿನ ತುದಿಯಲ್ಲಿತ್ತು ಎಂದರೆ ಕಡಿಮೆ ಹೇಳಿದ ಹಾಗಾಯಿತು. ಮೂಗು, ಕಿವಿ, ಕೈಬೆರಳು, ಎಲ್ಲದರ ತುದಿಯಲ್ಲೂ ಇತ್ತು. ಕಾರ್ಖಾನೆಯವರು ಎದುರಿಗೆ ‘ಅಕ್ಕ’ ಎನ್ನುತ್ತಿದ್ದರು, ಬೆನ್ನ ಹಿಂದೆ ‘ಗದರಮ್ಮ’. ಬೆನ್ನ ಹಿಂದಿನದೂ ಅವಳಿಗೆ ಚೆನ್ನಾಗಿಯೇ ಕೇಳಿಸುತ್ತಿತ್ತು. ಒಮ್ಮೆ ತಿರುಗಿ ನಿಂತು, “ಹೆಸರಿಟ್ಟವನು ಯಾರಪ್ಪ? ಇಷ್ಟು ತಲೆ ಕೆಲಸದಲ್ಲೂ ಓಡಿಸಿದ್ರೆ ಉದ್ಧಾರ ಆಗ್ತಿದ್ದ” ಎಂದಿದ್ದಳು. ಅಂದಿನಿಂದ ಅವಳು ದಾಟಿ ಹತ್ತು ಹೆಜ್ಜೆ ಆಗುವ ತನಕ ಯಾರೂ ತುಟಿ ಬಿಚ್ಚುತ್ತಿರಲಿಲ್ಲ.

ಅದು ಬ್ಲೇಡುಗಳಿಗೆ ಸಾಣೆ ಹಿಡಿಯುವ ಕಾರ್ಖಾನೆ. ಪ್ರೆಸ್ಸುಗಳಲ್ಲಿ ಕಾಗದದ ರಾಶಿಯನ್ನು ಒಂದೇ ಏಟಿಗೆ ಕತ್ತರಿಸುವ ತೋಳುದ್ದದ ಬ್ಲೇಡು, ಬಟ್ಟೆ ಕತ್ತರಿಸುವ ಬ್ಲೇಡು, ತಗಡು ಕತ್ತರಿಸುವ ಬ್ಲೇಡು, ಎಲ್ಲ ಮೊಂಡಾಗಿ ಬಂದು ಹರಿತವಾಗಿ ಹೋಗುತ್ತಿದ್ದವು. ಹನ್ನೊಂದು ಮಿಷನ್ನು. ಒಂದೊಂದರಲ್ಲೂ ಊಟದ ತಟ್ಟೆಯಷ್ಟು ಅಗಲದ ಸಾಣೆಚಕ್ರ, ನಿಮಿಷಕ್ಕೆ ಎರಡು ಸಾವಿರ ಸುತ್ತು. ಈ ಚಕ್ರ ನೋಡಲು ಕಲ್ಲಿನ ಹಾಗಿದ್ದರೂ ಜಾತಿ ಪಿಂಗಾಣಿಯದು. ಸಾಗಿಸುವಾಗ ಎಲ್ಲೋ ತಗುಲಿದರೆ ಒಳಗೊಳಗೇ ಬಿರುಕು ಬಿಡುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಅಂಥದ್ದನ್ನು ಮಿಷನ್ನಿಗೆ ಹಾಕಿ ತಿರುಗಿಸಿದರೆ ಸಿಡಿಯುತ್ತದೆ. ಎದುರಿಗೆ ನಿಂತವನ ಕಥೆ ಅಲ್ಲಿಗೆ ಮುಗಿಯಿತು.

ಕಣ್ಣಿಗೆ ಕಾಣದ ಬಿರುಕು ಕಿವಿಗೆ ಸಿಗುತ್ತದೆ. ಅದೇ ಅವಳ ಕೆಲಸ. ಸ್ಟೋರಿನ ಸ್ಟೂಲಿನ ಮೇಲೆ ಕೂತು, ಚಕ್ರದ ನಡುವಿನ ತೂತಿಗೆ ಎಡಗೈಯ ತೋರುಬೆರಳು ತೂರಿಸಿ ತೂಗುಬಿಟ್ಟು, ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ನಾಲ್ಕು ಕಡೆ ಮೆಲ್ಲಗೆ ಬಡಿಯುವುದು. ಗಟ್ಟಿ ಚಕ್ರವಾದರೆ ‘ಠಣ್’ ಎಂದು ಮೊಳಗಿ, ಆ ಸದ್ದು ತೆಳ್ಳಗಾಗುತ್ತಾ ಆಗುತ್ತಾ ಹೋಗುತ್ತದೆ. ಒಡಕಾದರೆ ‘ಬದ್’ ಎಂದು ಅಲ್ಲೇ ಸಾಯುತ್ತದೆ. ಮೊಳಗಿದ ಚಕ್ರದ ನಡುವೆ ಅಂಟಿಸಿದ ಕಾಗದದ ಮೇಲೆ ಅವಳು ನೀಲಿ ಪೆನ್ಸಿಲಿನಲ್ಲಿ ಒಂದು ಗೀಟು ಎಳೆದು ಪಕ್ಕದಲ್ಲಿ ಚುಕ್ಕೆ ಇಡುತ್ತಿದ್ದಳು. ಆ ಗುರುತಿಲ್ಲದ ಚಕ್ರವನ್ನು ಯಾವ ಮಿಷನ್ನಿನವನೂ ಮುಟ್ಟುವಂತಿರಲಿಲ್ಲ. ಮುಟ್ಟಿದವನ ಜನ್ಮ ಜಾಲಾಡುತ್ತಿದ್ದಳು.

ಬಡಿಯುವಾಗ ಸ್ಟೋರಿನಲ್ಲಿ ಯಾರೂ ಉಸಿರೆತ್ತಬಾರದು. ಬಾಗಿಲಲ್ಲಿ ಕಾಯುವವರು ಚಪ್ಪಲಿ ಉಜ್ಜಬಾರದು, ಕೆಮ್ಮಬಾರದು, ಕೀಗೊಂಚಲು ಆಡಿಸಬಾರದು. ಒಂಬತ್ತನೇ ಮಿಷನ್ನಿನವನೊಬ್ಬನಿದ್ದ. ಸದಾ ಏನಾದರೂ ಗುನುಗುವ ಚಟ, ಅದಕ್ಕೇ ಅವನಿಗೆ ‘ಹಾಡುಗಾರ’ ಎಂದೇ ಹೆಸರು ಬಿದ್ದಿತ್ತು. ಅವನು ಬಾಗಿಲಿಗೆ ಬಂದರೆ ಸಾಕು, “ನಿನ್ನ ರಾಗ ಅಲ್ಲೇ ಕಟ್ಟಿಟ್ಟು ಒಳಗೆ ಬಾ. ನನ್ನ ಚಕ್ರ ನಿನಗಿಂತ ಚೆನ್ನಾಗಿ ಹಾಡುತ್ತೆ” ಎನ್ನುತ್ತಿದ್ದಳು. ಅವನು ಹಲ್ಲು ಕಿರಿದು ಸುಮ್ಮನಾಗುತ್ತಿದ್ದ. ಅವಳ ಬೈಗುಳಕ್ಕೆ ನಗುತ್ತಿದ್ದವನು ಇಡೀ ಕಾರ್ಖಾನೆಯಲ್ಲಿ ಅವನೊಬ್ಬನೇ.

ಮನೆಯಲ್ಲೂ ಅದೇ ಕಿವಿ, ಅದೇ ಗದರಿಕೆ. ಮಗಳು ಮಿಷನ್ನಿನಲ್ಲಿ ಹೊಲಿಗೆ ಮಾಡುತ್ತಿದ್ದಳು. ಇವಳು ಪಕ್ಕದ ಕೋಣೆಯಲ್ಲಿ ಮಲಗಿದ್ದುಕೊಂಡೇ, “ಸೂಜಿ ಮೊಂಡಾಗಿದೆ ಕಣೇ, ಬಟ್ಟೇನ ಚುಚ್ತಾ ಇಲ್ಲ, ಗುದ್ದುತಾ ಇದೆ. ಬದಲಾಯಿಸು” ಎಂದು ಕೂಗುತ್ತಿದ್ದಳು. ಉಕ್ಕುವ ಮುಂಚೆ ಹಾಲು ಪಾತ್ರೆಯ ಅಂಚಿಗೆ ‘ಸುಯ್’ ಎನ್ನುವುದನ್ನು ಹಿತ್ತಿಲಿನಿಂದ ಕೇಳಿ ಓಡಿಬರುತ್ತಿದ್ದಳು. ಮೆಟ್ಟಿಲು ಹತ್ತುವ ಹೆಜ್ಜೆಯಲ್ಲೇ ಬರುತ್ತಿರುವವರು ಸಾಲ ಕೇಳಲು ಬಂದವರೋ ಹರಟೆಗೆ ಬಂದವರೋ ಎಂದು ಹೇಳಬಲ್ಲೆ ಎಂದು ಜಂಬ ಬೇರೆ. ಮನೆಯ ನಲ್ಲಿ, ಫ್ಯಾನು, ಕದದ ಕೀಲು, ಎಲ್ಲದರ ಆರೋಗ್ಯವೂ ಅವಳಿಗೆ ಗೊತ್ತಿತ್ತು. ಅಳಿಯ ಅದೇ ಕಾರ್ಖಾನೆಯಲ್ಲಿ ಐದನೇ ಮಿಷನ್ನಿನವನು, ಮೆಲುಮಾತಿನ ಮನುಷ್ಯ. ಅವನನ್ನು ಮಾತ್ರ, “ನಮ್ಮನೇಲಿ ಸದ್ದು ಮಾಡದ ಒಂದೇ ಒಂದು ಸಾಮಾನು ಅಂದ್ರೆ ಅಳಿಯಂದ್ರು” ಎಂದು ಆಡಿಕೊಳ್ಳುತ್ತಿದ್ದಳು.

ಈ ಕಿವಿ ಅವಳಿಗೆ ಹುಟ್ಟಿನಿಂದ ಬಂದದ್ದಲ್ಲ. ಹಟದಿಂದ ಬಂದದ್ದು. ಹತ್ತೊಂಬತ್ತು ವರ್ಷದ ಹಿಂದೆ ಅವಳ ಗಂಡ ಅಲ್ಲೇ ಎರಡನೇ ಮಿಷನ್ನಿನವನಾಗಿದ್ದ. ಆಗ ಆ ಸ್ಟೂಲಿನ ಮೇಲೆ ಒಬ್ಬ ಗುಮಾಸ್ತ ಕೂರುತ್ತಿದ್ದ, ಕಿವಿಯ ಪಕ್ಕ ರೇಡಿಯೋ ಇಟ್ಟುಕೊಂಡು. ಆಟದ ವರದಿ ಕೇಳುತ್ತಾ ಕೇಳುತ್ತಾ ಚಕ್ರಕ್ಕೆ ನಾಲ್ಕು ಏಟು ಹಾಕಿ ಗುರುತು ಮಾಡಿ ಕಳಿಸುತ್ತಿದ್ದ. ಬಡಿಯುತ್ತಿದ್ದ, ಅಷ್ಟೇ, ಕೇಳುತ್ತಿರಲಿಲ್ಲ. ಒಂದು ಬೆಳಗ್ಗೆ ಎರಡನೇ ಮಿಷನ್ನಿನ ಚಕ್ರ ಸಿಡಿಯಿತು. ಒಂದು ತುಂಡು ಗೋಡೆಗೆ ಬಡಿಯಿತು, ಒಂದು ತುಂಡು ಅವನ ಕುತ್ತಿಗೆಗೆ. ಮಿಷನ್ನು ನಿಲ್ಲಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಗುಮಾಸ್ತ ಅಳುತ್ತಾ ಮನೆಗೆ ಬಂದಿದ್ದ. “ಬಡಿದು ನೋಡಿದ್ದೆ ತಾಯಿ, ದೇವರಾಣೆ ಬಡಿದು ನೋಡಿದ್ದೆ” ಎಂದ. ಅವಳು ಅವನನ್ನು ಹೊಸ್ತಿಲು ದಾಟಗೊಡಲಿಲ್ಲ. ಕಾರ್ಖಾನೆಯವರು ಕಸ ಗುಡಿಸುವ ಕೆಲಸ ಕೊಡುತ್ತೇವೆ ಎಂದರು. “ಕಸ ಗುಡಿಸೋಕೆ ಬೇರೆಯವರನ್ನ ನೋಡ್ಕೊಳ್ಳಿ. ನನಗೆ ಆ ಸ್ಟೂಲು ಕೊಡಿ” ಎಂದು ಗೇಟಿನ ಮುಂದೆ ಕೂತಳು. ಮೂರು ತಿಂಗಳು ದಿನಾ ಬಂದು ಕೂತಳು. ಪೀಡೆ ತೊಲಗಲಿ ಎಂದೋ ಏನೋ ಕೊನೆಗೆ ಕೊಟ್ಟರು. ಅವತ್ತಿನಿಂದ ಆ ಕಾರ್ಖಾನೆಯಲ್ಲಿ ಒಂದೇ ಒಂದು ಚಕ್ರವೂ ಸಿಡಿದಿರಲಿಲ್ಲ. ಹನ್ನೊಂದು ಜನ ಸಂಜೆ ಕೈಕಾಲು ತೊಳೆದುಕೊಂಡು ನೆಟ್ಟಗೆ ಮನೆಗೆ ಹೋಗುತ್ತಿದ್ದರೆ ಅದು ತನ್ನ ಕಿವಿಯಿಂದ ಎಂದು ಅವಳು ನಂಬಿದ್ದಳು. ನಿಜವೂ ಆಗಿತ್ತು. ಆ ಒಂದು ನಂಬಿಕೆಯ ಮೇಲೇ ಅವಳು ಇಷ್ಟು ವರ್ಷ ನೆಟ್ಟಗೆ ನಿಂತಿದ್ದು.

ಹೀಗಿರುವಾಗ ಹೊಸ ಮ್ಯಾನೇಜರು ಬಂದ. ಇಸ್ತ್ರಿ ಮಡಿಕೆ ಕೆಡದ ಅಂಗಿ, ಕೈಯಲ್ಲಿ ಸದಾ ಒಂದು ಟೇಪು. ಬಂದವನೇ ಜಾಗ ಅಳೆದು, ಹಿಂದಿನ ಶೆಡ್ಡಿನಲ್ಲಿದ್ದ ಗಾಳಿಯ ಕಂಪ್ರೆಸರನ್ನು ತಂದು ಸ್ಟೋರಿನ ಗೋಡೆಯ ಆಚೆ ಕೂರಿಸಿದ. ಪೈಪು ಉಳಿಯುತ್ತದಂತೆ. ಬೆಳಗ್ಗೆ ಎಂಟಕ್ಕೆ ಶುರುವಾದರೆ ಸಂಜೆ ಐದರ ತನಕ ‘ಧಡಧಡಧಡ’. ಗೋಡೆ ನಡುಗುತ್ತಿತ್ತು, ಅಟ್ಟಣಿಗೆ ನಡುಗುತ್ತಿತ್ತು, ಅವಳ ನೀರಿನ ಲೋಟದಲ್ಲಿ ನೀರು ನಡುಗುತ್ತಿತ್ತು. ಅದರ ಪಕ್ಕ ಕೂತು ಚಕ್ರದ ಮೊಳಗು ಕೇಳು ಎಂದರೆ ಹೇಗೆ ಕೇಳುವುದು?

ಅವಳು ಮ್ಯಾನೇಜರನ ಕೋಣೆಗೆ ನುಗ್ಗಿದಳು. “ಆ ದರಿದ್ರವನ್ನ ಅಲ್ಲಿಂದ ಎತ್ತಿಸಿ. ನನಗೆ ಚಕ್ರ ಕೇಳಿಸ್ತಾ ಇಲ್ಲ.”

“ಸ್ವಲ್ಪ ದಿನ ಅಡ್ಜಸ್ಟ್ ಮಾಡ್ಕೊಳ್ಳಿ ಅಕ್ಕ. ಅಭ್ಯಾಸ ಆಗುತ್ತೆ.”

“ಅಭ್ಯಾಸ ಆಗೋದು ಬೇಡ ಅಂತಾನೇ ಹೇಳ್ತಾ ಇರೋದು!”

“ಹತ್ತೊಂಬತ್ತು ವರ್ಷದಲ್ಲಿ ಒಂದು ಚಕ್ರಾನೂ ಸಿಡಿದಿಲ್ಲ ಅಂತ ನೀವೇ ಹೇಳ್ತೀರಿ. ಅಂದ್ರೆ ಬರೋ ಮಾಲು ಚೆನ್ನಾಗಿದೆ ಅಂತ ತಾನೆ? ಸುಮ್ಮನೆ ಒಂದು ಸಲ ಬಡಿದು ಕಳಿಸಿ.”

ಅವಳ ಮೈಯೆಲ್ಲ ಉರಿದುಹೋಯಿತು. ಸಿಡಿಯದೆ ಇದ್ದದ್ದು ಯಾಕೆ ಎಂಬುದು ಈ ಪುಣ್ಯಾತ್ಮನ ತಲೆಗೆ ಹೋಗುವಂತೆಯೇ ಇರಲಿಲ್ಲ. ಮಗಳ ಕೈಯಲ್ಲಿ ಅರ್ಜಿ ಬರೆಸಿ ಕೊಟ್ಟಳು. ಉತ್ತರವಿಲ್ಲ. ಎರಡನೆಯದು ಕೊಟ್ಟಳು, ಮೂರನೆಯದು ಕೊಟ್ಟಳು. ಮೂರಕ್ಕೂ ಅವನು ಕವಡೆ ಕಿಮ್ಮತ್ತು ಕೊಡಲಿಲ್ಲ.

ಮೊದಲ ವಾರ ಅವಳು ಚಕ್ರಗಳನ್ನು ಒಂದೊಂದಾಗಿ ಹೊತ್ತು ಹೊರಗೆ, ಕಾಂಪೌಂಡಿನ ತುದಿಗೆ ಹೋಗಿ ಬಡಿದು ತಂದಳು. ಒಂದು ಚಕ್ರಕ್ಕೆ ಕಾಲು ಗಂಟೆ. ಬಾಗಿಲಲ್ಲಿ ಸಾಲು ಬೆಳೆಯಿತು. ದಿನಕ್ಕೆ ಇಷ್ಟು ಬ್ಲೇಡು ಎಂದು ಲೆಕ್ಕ ಇದ್ದವರು ಅವರು. ಅವರಿಗೂ ತಾಳ್ಮೆ ಕೆಟ್ಟಿತು. “ಅಕ್ಕ, ನೀವು ಬರೋಷ್ಟರಲ್ಲಿ ನನ್ನ ಮಿಷನ್ನು ಕಾವು ಆರಿ ಮಲಗಿರುತ್ತೆ” ಎಂದ ಒಬ್ಬ. “ಮಲಗಿರೋದು ಮಿಷನ್ನು ತಾನೆ? ನೀನು ಮಲಗೋದು ಬೇಡ ಅಂತ ಓಡಾಡ್ತಿದೀನಿ, ಬೇಕೂಫ” ಎಂದಳು. ಆದರೆ ಎಂಟನೇ ದಿನ ಮಂಡಿ ನೋವು, ಮ್ಯಾನೇಜರನ ಕಿರುಕುಳ, ಬಾಗಿಲಲ್ಲಿ ಉರಿಮುಖಗಳು, ಎಲ್ಲ ಸೇರಿ ಅವಳು ಒಳಗೇ ಕೂತು ಬಡಿದಳು.

ಅಲ್ಲಿ ಅವಳು ಸೋತಳು. ಅದನ್ನು ಸೋಲು ಎಂದು ಅವಳು ಕರೆಯಲಿಲ್ಲ. ಬೇರೆ ದಾರಿ ಕಂಡುಕೊಂಡೆ ಎಂದುಕೊಂಡಳು. ಚಕ್ರದ ತೂತಿನಲ್ಲಿ ಬೆರಳಿದೆಯಲ್ಲ. ಗಟ್ಟಿ ಚಕ್ರವನ್ನು ಬಡಿದರೆ ಆ ಬೆರಳಿನ ಮೂಳೆಯಲ್ಲಿ ಝುಂ ಎನ್ನುತ್ತದೆ. ಹತ್ತೊಂಬತ್ತು ವರ್ಷದಿಂದ ಆ ಬೆರಳಿಗೂ ಎಲ್ಲ ಗೊತ್ತಿದೆ. ಕಿವಿಯಿಲ್ಲದಿದ್ದರೆ ಬೆರಳು. ಝುಂ ಎಂದರೆ ಗೀಟು, ಚುಕ್ಕೆ. ಅಂಚಿನಲ್ಲಿ ಸಣ್ಣ ಬಿರುಕಿದ್ದರೂ ನಡುಭಾಗ ಝುಂ ಎನ್ನಬಹುದು ಎಂಬುದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಬೇರೆ ಯಾರಾದರೂ ಹಾಗೆ ಮಾಡಿದ್ದರೆ ಸ್ಟೂಲಿನಿಂದ ಕೆಡವಿ ಓಡಿಸುತ್ತಿದ್ದಳು. ತನ್ನ ಬೆರಳು ಬೇರೆಯವರ ಬೆರಳಲ್ಲ ಎಂದು ಸಮಾಧಾನ ಹೇಳಿಕೊಂಡಳು. ಹೀಗೆ ಐದು ತಿಂಗಳು ಕಳೆಯಿತು.

ಆ ಐದು ತಿಂಗಳಲ್ಲಿ ಮನೆಯಲ್ಲಿ ಜಗಳ ಹೆಚ್ಚಾಯಿತು. ಹಾಲು ಎರಡು ಸಲ ಉಕ್ಕಿ ಒಲೆ ತುಂಬಿತು. “ಒಲೆ ಉರಿ ಯಾರೋ ಜಾಸ್ತಿ ಮಾಡಿದಾರೆ” ಎಂದು ಮಗಳ ಮೇಲೆ ಹಾರಿಬಿದ್ದಳು. ಬಾಗಿಲು ತಟ್ಟಿದವರು ಕಾದು ಕಾದು ವಾಪಸ್ಸು ಹೋದರು. “ಬೆರಳಲ್ಲಿ ತಟ್ಟಿದ್ರೆ ಬಾಗಿಲಿಗೇನು ಗೊತ್ತಾಗುತ್ತೆ, ಕೈಲಿ ಬಲ ಇಲ್ವಾ?” ಎಂದಳು. ಅಳಿಯ ಊಟದ ಮಧ್ಯೆ ಏನಾದರೂ ಹೇಳಿದರೆ, “ಬಾಯೊಳಗೆ ಗೊಣಗಬೇಡಿ, ಬಿಟ್ಟು ಮಾತಾಡಿ” ಎಂದು ಗದರುತ್ತಿದ್ದಳು. ಮಗಳು ಒಂದು ದಿನ, “ಅಮ್ಮ, ಒಂದ್ಸಲ ಕಿವಿ ಡಾಕ್ಟರಿಗೆ…” ಎಂದು ಶುರು ಮಾಡಿದಳಷ್ಟೇ. “ಹೌದಮ್ಮ! ಕಿವಿ, ಕಣ್ಣು, ತಲೆ ಎಲ್ಲಾ ತೋರಿಸ್ಕೊಂಡು ಬಾ ಅನ್ನು. ನಿನ್ನ ಗಂಡ ಬಾಯಿ ಬಿಟ್ಟು ಮಾತಾಡೋದು ಕಲಿಯೋದು ಬೇಡ!” ಎಂದು ತಟ್ಟೆ ತಳ್ಳಿ ಎದ್ದಳು. ಮಗಳು ಮತ್ತೆ ಆ ಮಾತು ಎತ್ತಲಿಲ್ಲ. ಎಲ್ಲದಕ್ಕೂ ಅವಳ ಹತ್ತಿರ ಒಂದೇ ಉತ್ತರವಿತ್ತು: ಆ ಹಾಳು ಕಂಪ್ರೆಸರು. ದಿನವಿಡೀ ಅದರ ಧಡಧಡ ತಲೆಯಲ್ಲಿ ತುಂಬಿಕೊಂಡು ಬಂದವಳಿಗೆ ಸಂಜೆ ಬೇರೆ ಸದ್ದಿಗೆ ಜಾಗ ಎಲ್ಲಿ? ಅದು ನಿಂತ ದಿನ ಎಲ್ಲ ಸರಿಹೋಗುತ್ತದೆ.

ಅದು ಒಂದು ದಿನ ನಿಂತೇಬಿಟ್ಟಿತು. ಬೆಲ್ಟು ಹರಿಯಿತು, ರಿಪೇರಿಯವನು ಬರುವುದು ಮಧ್ಯಾಹ್ನ ಮೂರಕ್ಕೆ ಎಂದರು. ಹನ್ನೆರಡೂವರೆಗೆ ಊಟದ ಬಿಡುವು. ಹನ್ನೊಂದು ಮಿಷನ್ನುಗಳೂ ಒಂದೊಂದಾಗಿ ನಿಂತವು. ಕಾರ್ಖಾನೆ ನಿಶ್ಶಬ್ದವಾಯಿತು. ಗೋಡೆ ನಡುಗಲಿಲ್ಲ, ಲೋಟದ ನೀರು ಅಲುಗಲಿಲ್ಲ. ಅವಳ ಮುಖ ಅರಳಿತು. ಊಟಕ್ಕೆ ಬುತ್ತಿ ಹಿಡಿದು ಬಂದ ಅಳಿಯನನ್ನು, “ಬುತ್ತಿ ಆಮೇಲೆ ಬಿಚ್ಚಿ. ಬನ್ನಿ, ಕೂತ್ಕೊಳ್ಳಿ. ಚಕ್ರ ಅಂದ್ರೆ ಹೇಗೆ ಮೊಳಗಬೇಕು ಅಂತ ಕೇಳಿಸ್ಕೊಳ್ಳಿ” ಎಂದು ಕರೆದಳು. ಅವತ್ತೇ ಬಂದ ಆರು ಚಕ್ರದ ಪೆಟ್ಟಿಗೆ ಬಿಚ್ಚಿ ಮೊದಲನೇ ಚಕ್ರ ಬೆರಳಿಗೆ ತೂಗಿ ಬಡಿದಳು.

ಬದ್.

ಮರದ ಹಿಡಿ ತಗುಲಿದ ಸದ್ದು ಮಾತ್ರ. ಬೆರಳಿಗೆ ಝುಂ ಎಂದರೂ ಆಮೇಲೆ ಬರಬೇಕಾದ ಮೊಳಗು ಕಿವಿಗೆ ಬರಲಿಲ್ಲ. ಅವತ್ತು ಅವಳು ಕಿವಿಯನ್ನೇ ನಂಬಿದಳು. ಅದನ್ನು ಪಕ್ಕಕ್ಕಿಟ್ಟು ಎರಡನೆಯದನ್ನು ಎತ್ತಿಕೊಂಡಳು. ಬದ್. ಮೂರನೆಯದು, ನಾಲ್ಕನೆಯದು, ಆರೂ ಹಾಗೆಯೇ. ಅವಳಿಗೆ ರೋಷ ನೆತ್ತಿಗೇರಿತು.

“ಇಡೀ ಪೆಟ್ಟಿಗೆ ಒಡಕು! ನೋಡಿದ್ರಾ? ಇಡೀ ಪೆಟ್ಟಿಗೆ! ಲಾರಿಯಿಂದ ಎತ್ತಿ ಬಿಸಾಡಿದಾರೆ ಕಳ್ಳ ನನ್ಮಕ್ಕಳು. ಎಲ್ಲಿ ಆ ಮ್ಯಾನೇಜರು? ಮಾಲು ಚೆನ್ನಾಗಿದೆ ಅಂತಾನಲ್ಲ, ಕರೀರಿ ಅವನನ್ನ!”

ಅಳಿಯ ಎದ್ದ, ಆದರೆ ಹೋಗಲಿಲ್ಲ. ಅವಳ ಮುಖವನ್ನೇ ನೋಡುತ್ತಾ ನಿಂತ. ಅವನು ತುಟಿ ಅಲುಗಿಸಿದ.

“ಬಿಟ್ಟು ಮಾತಾಡಿ ಅಂದ್ನಲ್ಲ!”

“ಅವು ಮೊಳಗ್ತಾ ಇವೆ ಅತ್ತೆ” ಎಂದ ಅವನು, ಈ ಸಲ ಜೋರಾಗಿ. “ಆರೂ ಮೊಳಗಿದವು. ಚೆನ್ನಾಗಿ ಮೊಳಗಿದವು.”

ತಮಾಷೆ ಮಾಡುತ್ತಿದ್ದಾನೆ ಎನ್ನೋಣವೆಂದರೆ ಅವನು ಜನ್ಮದಲ್ಲಿ ತಮಾಷೆ ಮಾಡಿದವನಲ್ಲ. ಅವಳು ಒಂದು ಚಕ್ರವನ್ನೂ ಮರದ ಹಿಡಿಯನ್ನೂ ಅವನ ಕೈಗೆ ತುರುಕಿದಳು. “ನನ್ನ ಹಿಂದೆ ಹೋಗಿ ನಿಂತ್ಕೊಳ್ಳಿ. ನಾನು ತಿರುಗಿ ನೋಡಲ್ಲ. ಹೊಡೀರಿ.” ಅವನು ಹಿಂದೆ ಹೋದ. ಅವಳು ಗೋಡೆಯತ್ತ ಮುಖ ಮಾಡಿ, ಕಣ್ಣು ಮುಚ್ಚಿ, ಮಂಡಿಯ ಮೇಲೆ ಕೈಯಿಟ್ಟು ಕೂತಳು. ಕಾದಳು. ಅವನಿಗೆ ಚಕ್ರ ತೂಗಿ ಹಿಡಿಯಲೂ ಬರುವುದಿಲ್ಲವೇನೋ ಎನಿಸಿತು.

“ಹೊಡೀರಿ ಅಂದೆ!”

ಅವನು ಮುಂದೆ ಬಂದು ನಿಂತ. ಅವನ ಕಣ್ಣು ತುಂಬಿತ್ತು. “ಮೂರು ಸಲ ಹೊಡೆದೆ ಅತ್ತೆ.”

ಅವಳು ಅವನ ಕೈಯಿಂದ ಚಕ್ರ ತೆಗೆದು ಪೆಟ್ಟಿಗೆಯಲ್ಲಿಟ್ಟಳು. ಆಮೇಲೆ ಕೇಳಿದಳು, “ನಿಮಗೆ ಗೊತ್ತಿತ್ತಾ?”

“ಮನೇಲಿ ಗೊತ್ತಾಗಿತ್ತು. ಇಲ್ಲಿ… ಇಲ್ಲಿ ನೀವು ಹೇಗೋ ನೋಡ್ತೀರಿ ಅಂದ್ಕೊಂಡಿದ್ದೆ.”

“ಬಾಯಿ ಬಿಟ್ಟು ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀವು ಬಿಡ್ತಿದ್ರಾ?” ಎಂದ ಅವನು. ಅತ್ತೆಯೆದುರು ಅವನು ಸಿಟ್ಟಿನಿಂದ ಎತ್ತಿದ ದನಿ ಎಂದರೆ ಅದೇ ಮೊದಲನೆಯದು.

ಅವಳಿಗೆ ಎಲ್ಲರ ಮೇಲೂ ಸಿಟ್ಟು ಬಂತು. ಇವನ ಮೇಲೆ, ಮಗಳ ಮೇಲೆ, ಮ್ಯಾನೇಜರನ ಮೇಲೆ. ಆದರೆ ಆ ಸಿಟ್ಟು ಎಲ್ಲೂ ನಿಲ್ಲದೆ ಸುತ್ತಿ ಬಂದು ಅವಳ ಮೇಲೆಯೇ ಕೂತಿತು. ಹೇಳಬಂದವರ ಬಾಯನ್ನೆಲ್ಲ ಮುಚ್ಚಿಸಿದವಳು ಅವಳೇ. ಕಂಪ್ರೆಸರಿನ ಸದ್ದಿತ್ತು, ನಿಜ. ಆ ಸದ್ದಿನ ಹಿಂದೆ ಅವಳ ಕಿವಿ ಯಾವಾಗ ಹೋಯಿತೋ, ಅದೇ ತಿಂದಿತೋ, ವಯಸ್ಸು ತಿಂದಿತೋ, ಅವಳು ನೋಡಿಕೊಂಡಿರಲಿಲ್ಲ. ಐದು ತಿಂಗಳಿಂದ ಅವಳು ಬಡಿಯುತ್ತಿದ್ದಳು, ಅಷ್ಟೇ, ಕೇಳುತ್ತಿರಲಿಲ್ಲ. ರೇಡಿಯೋ ಇಟ್ಟುಕೊಂಡ ಆ ಗುಮಾಸ್ತನಿಗೂ ತನಗೂ ಏನು ವ್ಯತ್ಯಾಸ? ಅವನಾದರೂ ಮನೆ ಬಾಗಿಲಿಗೆ ಬಂದು ಅತ್ತಿದ್ದ.

ಕಿಟಕಿಯ ಆಚೆ ಕೆಲಸದವರು ಬುತ್ತಿ ಮುಚ್ಚಿ ಏಳುತ್ತಿದ್ದುದು ಕಂಡಿತು. ಬಿಡುವು ಮುಗಿದ ಗಂಟೆ ಹೊಡೆದಿರಬೇಕು. ಹನ್ನೊಂದು ಮಿಷನ್ನುಗಳ ಮೇಲೂ ಇದ್ದದ್ದು ಅವಳು ಬೆರಳಲ್ಲಿ ನೋಡಿ ಗುರುತು ಹಾಕಿದ ಚಕ್ರಗಳು. ಇನ್ನೆರಡು ನಿಮಿಷಕ್ಕೆ ಎಲ್ಲವೂ ತಿರುಗತೊಡಗುತ್ತವೆ.

ಅವಳು ಓಡಿದಳು. ಮಂಡಿ ನೋವಿನ ಹೆಂಗಸು, ಐವತ್ತಾರು ವರ್ಷ, ಸೆರಗು ಸೊಂಟಕ್ಕೆ ಸಿಕ್ಕಿಸಿ ಕಾರ್ಖಾನೆಯ ಉದ್ದಕ್ಕೂ ಓಡಿ ಹೋಗಿ ಗೋಡೆಯ ಮೇಲಿನ ಮೇನ್ ಸ್ವಿಚ್ಚು ಕೆಳಕ್ಕೆ ಎಳೆದುಬಿಟ್ಟಳು. ಆಗಷ್ಟೇ ತಿರುಗಲು ಹೊರಟ ಎರಡು ಮಿಷನ್ನುಗಳು ನರಳಿ ನಿಂತವು. “ಯಾರದು ಸ್ವಿಚ್ ತೆಗೆದಿದ್ದು?” “ಏನ್ ತಲೆ ಕೆಟ್ಟಿದೆಯಾ ನಿಮಗೆ?” ಎಂದು ನಾಲ್ಕು ಕಡೆಯಿಂದ ಕೂಗಿದರು.

“ಹೌದು, ಕೆಟ್ಟಿದೆ!” ಎಂದು ಅವಳು ಅದಕ್ಕಿಂತ ಜೋರಾಗಿ ಕೂಗಿದಳು. “ತಲೆ ಅಲ್ಲ, ಕಿವಿ. ನನಗೆ ಕಿವಿ ಕೇಳಿಸ್ತಾ ಇಲ್ಲ. ಐದು ತಿಂಗಳಿಂದ ಕೇಳಿಸದೇನೇ ಗುರುತು ಹಾಕಿದೀನಿ. ಎಲ್ಲ ಇಳಿಸಿ. ನನ್ನ ಗುರುತು ಇರೋ ಚಕ್ರ ಒಂದೂ ಬಿಡದೆ ಇಳಿಸಿ.”

ಯಾರೂ ಅಲುಗಲಿಲ್ಲ. ಗದರಮ್ಮನಿಗೆ ಕಿವುಡು ಎಂಬುದು ನಗುವ ಮಾತೋ ಓಡುವ ಮಾತೋ ಅವರಿಗೆ ತಿಳಿಯಲಿಲ್ಲ. ಮೊದಲು ಸ್ಪ್ಯಾನರು ಎತ್ತಿಕೊಂಡವನು ಹಾಡುಗಾರ. ತನ್ನ ಒಂಬತ್ತನೇ ಮಿಷನ್ನಿನ ನಟ್ಟು ಬಿಚ್ಚಿದ. ಅವನನ್ನು ನೋಡಿ ಉಳಿದವರೂ ಬಿಚ್ಚಿದರು. ಹನ್ನೊಂದು ಚಕ್ರಗಳನ್ನು ತಂದು ಮೇಜಿನ ಮೇಲೆ ಸಾಲಾಗಿ ಇಟ್ಟರು. ಬಡಿಯಲು ಅಳಿಯ ಕೂತ. ಹೇಗೆ ತೂಗಬೇಕು, ಎಲ್ಲಿ ಬಡಿಯಬೇಕು ಎಂದು ಅವಳು ಪಕ್ಕದಲ್ಲಿ ನಿಂತು ತೋರಿಸಿದಳು. ಎಲ್ಲರೂ ಉಸಿರು ಬಿಗಿಹಿಡಿದು ಸುತ್ತ ನಿಂತರು. ಇಷ್ಟು ವರ್ಷ ಗದರಿ ಗದರಿ ಹೇಳಿದರೂ ಒಮ್ಮೆಯೂ ಸಿಗದಷ್ಟು ನಿಶ್ಶಬ್ದ ಅವತ್ತು ಅಲ್ಲಿತ್ತು. ಅದು ಅವಳ ಉಪಯೋಗಕ್ಕೆ ಬರುವಂತಿರಲಿಲ್ಲ.

ಅವಳು ಚಕ್ರಗಳನ್ನು ನೋಡಲಿಲ್ಲ, ಸುತ್ತ ನಿಂತವರ ಮುಖಗಳನ್ನು ನೋಡಿದಳು. ಮೊದಲನೆಯದಕ್ಕೆ ಹುಬ್ಬುಗಳು ಸಡಿಲಾದವು. ಎರಡನೆಯದಕ್ಕೂ, ಮೂರನೆಯದಕ್ಕೂ. ಐದನೆಯದು ಅಳಿಯನ ಮಿಷನ್ನಿನದು, ಅದೂ ಸರಿಯಾಗಿತ್ತು. ಎಂಟರ ತನಕ ಹೀಗೇ ಬಂತು. ಒಂಬತ್ತನೆಯದನ್ನು ಅಳಿಯ ಬಡಿದ. ನಿಂತ. ತಿರುಗಿಸಿ ಇನ್ನೊಂದು ಕಡೆ ಬಡಿದ. ಸುತ್ತಲಿನ ಮುಖಗಳು ಒಮ್ಮೆಲೇ ಬಿಗಿದುಕೊಂಡವು. ಹೇಳಬೇಕಾಗಿಯೇ ಇರಲಿಲ್ಲ. ಚಕ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು, ಅಂಚಿಗೆ ಎಣ್ಣೆ ಸವರಿ ಒರೆಸಿದಾಗ, ಕೂದಲೆಳೆಯಂಥ ಗೆರೆಯೊಂದು ಅಂಚಿನಿಂದ ಒಳಕ್ಕೆ ಹೆಬ್ಬೆರಳುದ್ದ ಓಡಿರುವುದು ಕಾಣಿಸಿತು. ನಡುವಿನ ಕಾಗದದ ಮೇಲೆ ನೀಲಿ ಗೀಟು, ಪಕ್ಕದಲ್ಲಿ ಚುಕ್ಕೆ.

ಉಳಿದ ಎರಡು ಸರಿಯಾಗಿದ್ದವು. ಅಷ್ಟು ಹೊತ್ತಿಗೆ ಮ್ಯಾನೇಜರು ಬಂದಿದ್ದ. ಸಂಗತಿ ಕೇಳಿದವನ ಮುಖದಲ್ಲಿ ಗಾಬರಿ ಬಂದು, ಅದರ ಹಿಂದೆಯೇ ನಿರಾಳವೂ ಬಂತು. ಅದನ್ನು ಅವಳು ನೋಡಿಬಿಟ್ಟಳು. ಅವನು ಕಾಗದ ತೆಗೆದು ನಿಂತಲ್ಲೇ ಬರೆದ: ಪರೀಕ್ಷೆ ಮಾಡುವ ನೌಕರಳಿಗೆ ಕಿವಿ ಕೇಳಿಸುತ್ತಿರಲಿಲ್ಲ, ಅದನ್ನು ಆಕೆ ತಿಳಿಸಿರಲಿಲ್ಲ, ಇಂದಿನಿಂದ ಆಕೆಯನ್ನು ಆ ಕೆಲಸದಿಂದ ತೆಗೆಯಲಾಗಿದೆ. “ಇಲ್ಲಿ ಸಹಿ ಹಾಕಿ” ಎಂದು ಬೆರಳಿಟ್ಟು ತೋರಿಸಿದ.

ಅವಳು ಓದಿದಳು. “ಸರಿಯಾಗಿದೆ. ಇದರಲ್ಲಿ ಒಂದಕ್ಷರಾನೂ ಸುಳ್ಳಿಲ್ಲ. ಇದರ ಕೆಳಗೆ ಇನ್ನೊಂದು ಬರೀರಿ. ಸ್ಟೋರಿನ ಗೋಡೆ ಆಚೆ ಕಂಪ್ರೆಸರು ಇದೆ. ಅಲ್ಲಿ ಕೂತ್ರೆ ಕಿವಿ ಇದ್ದವರಿಗೂ ಕೇಳಿಸಲ್ಲ. ಮೂರು ಅರ್ಜಿ ಕೊಟ್ಟಿದ್ರು ಅಂತ ಬರೀರಿ.”

“ಅದಕ್ಕೂ ಇದಕ್ಕೂ ಏನು ಸಂಬಂಧ?” ಎಂದು ಮ್ಯಾನೇಜರು ದನಿ ಏರಿಸಿದ. “ಈಗ ನೀವೇ ಒಪ್ಕೊಂಡ್ರಲ್ಲ, ತಪ್ಪು ನಿಮ್ಮ ಕಿವೀದು ಅಂತ.”

“ನನ್ನ ತಪ್ಪು ನನ್ನದು. ಅದನ್ನ ಹೊತ್ಕೊಂಡು ನಾನು ಮನೆಗೆ ಹೋಗ್ತೀನಿ. ನಾಳೆ ಆ ಸ್ಟೂಲಿನ ಮೇಲೆ ಇನ್ನೊಬ್ಬರು ಕೂರ್ತಾರಲ್ಲ, ಅವರ ಕಿವಿ ಎಷ್ಟು ಚೆನ್ನಾಗಿದ್ರೂ ನಿಮ್ಮ ಧಡಧಡದಲ್ಲಿ ಏನು ಕೇಳಿಸ್ಕೊಳ್ತಾರೆ? ನನ್ನೊಬ್ಬಳನ್ನ ತೆಗೆದು ಕೈ ತೊಳ್ಕೊಳ್ತೀನಿ ಅಂದ್ಕೊಂಡ್ರಾ? ಬರೀರಿ!”

ಮ್ಯಾನೇಜರು ಸುತ್ತ ನೋಡಿದ. ಯಾರಾದರೂ ಅವಳನ್ನು ಸುಮ್ಮನಿರಿಸುತ್ತಾರೆ ಎಂದುಕೊಂಡಿರಬೇಕು. ಅಳಿಯ ಹೋಗಿ ಮೇನ್ ಸ್ವಿಚ್ಚಿನ ಮುಂದೆ ಬೆನ್ನು ಕೊಟ್ಟು ನಿಂತ. “ಬರೆಯೋ ತನಕ ಇದು ಮೇಲಕ್ಕೆ ಹೋಗಲ್ಲ ಸಾರ್” ಎಂದ. ಅವನ ಮೆಲುದನಿಗೆ ಅವತ್ತು ಎಲ್ಲರೂ ಕಿವಿಗೊಟ್ಟರು. ಇನ್ನಿಬ್ಬರು ಹೋಗಿ ಅವನ ಪಕ್ಕ ನಿಂತರು. ಮ್ಯಾನೇಜರು ಬರೆದ. ಅವಳು ಎರಡು ಸಲ ಓದಿ, ಅರ್ಜಿ ಕೊಟ್ಟ ತಾರೀಖುಗಳನ್ನೂ ಬರೆಸಿ, ಕೆಳಗೆ ಸಹಿ ಹಾಕಿದಳು.

ಅಲ್ಲಿಗೆ ಅವಳ ಕೆಲಸ ಮುಗಿಯಿತು. ಜನ ಚದುರಿದರು. ಹಾಡುಗಾರ ಮಾತ್ರ ಆ ಒಡಕು ಚಕ್ರವನ್ನು ಎರಡು ಕೈಯಲ್ಲೂ ಹಿಡಿದು ನಿಂತಿದ್ದ. ಗೆರೆಯ ಮೇಲೆ ಉಗುರು ಆಡಿಸುತ್ತಿದ್ದ. ಅವಳು ಅವನೆದುರು ಹೋಗಿ ನಿಂತಳು. ಅವನು ಉಗಿಯಲಿ, ಕೈಯೆತ್ತಲಿ, ಚಕ್ರವನ್ನು ತನ್ನ ಕಾಲ ಬುಡಕ್ಕೆ ಎತ್ತಿ ಹಾಕಲಿ ಎಂದು ಕಾದಳು. ಅವನು ಅವಳ ಕಡೆ ನೋಡದೆ, ಚಕ್ರದ ಕಡೆ ನೋಡುತ್ತಲೇ ಏನೋ ಹೇಳಿದ. ತುಟಿ ಅಲುಗಿದ್ದು ಕಂಡಿತು, ಅಷ್ಟೇ. ಆಮೇಲೆ ಚಕ್ರವನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟು ಹೊರಟುಹೋದ.

ಸಂಜೆ ಅತ್ತೆ, ಅಳಿಯ ಒಟ್ಟಿಗೆ ಗೇಟು ದಾಟಿದರು. ರಸ್ತೆಯಲ್ಲಿ ಗಾಡಿಗಳು ಓಡುತ್ತಿದ್ದವು. ತಿರುವಿನ ತನಕ ಅವಳು ಮುಂದೆ ಮುಂದೆ ನಡೆದಳು. ಆಮೇಲೆ ಕೇಳಿದಳು, “ಆಗ ಆ ಹಾಡುಗಾರ ಏನಂದ?”

ಅಳಿಯ ಬುತ್ತಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡ.

“ಹೇಳಿ. ಕಿವಿ ಹತ್ತಿರ ಬಂದು ಹೇಳಿ.”

ಅವನು ನಿಂತು, ಬಗ್ಗಿ, ಅವಳ ಕಿವಿಯ ಹತ್ತಿರ ಬಾಯಿಟ್ಟು ಹೇಳಿದ. “‘ನಿನ್ನೆ ಇಡೀ ದಿನ ಇದರ ಮುಂದೇನೇ ನಿಂತಿದ್ದೆ’ ಅಂದ.”

“ಆಮೇಲೆ?”

“ಅಷ್ಟೇ.”

“ಬೈಲಿಲ್ವಾ?”

“ಇಲ್ಲ ಅತ್ತೆ.”

“ಬೈಬೇಕಿತ್ತು!” ಎಂದಳು ಅವಳು. ರಸ್ತೆಯಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ. “ಬೈಬೇಕಿತ್ತು ಅವನು ನನ್ನನ್ನ!”